ಹದಿಹರೆಯದವರಿಗೆ ಯಾವ ವೆಬ್‌ಕಾಮಿಕ್? ಕಥೆಯೊಳಗಿನ ಗೆಳೆಯರನ್ನು ನೋಡಿ ಆರಿಸಿ

ಏಪ್ರಿಲ್ ರಜೆಯಲ್ಲಿ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಒಂಬತ್ತನೇ ಕ್ಲಾಸು ಮುಗಿದಿತ್ತು. ಮೊದಲ ಎರಡು ದಿನ ಮಾತೇ ಇಲ್ಲ, ಕಿಟಕಿ ಪಕ್ಕ ಫೋನ್ ಹಿಡಿದು ಕೂತಿರುವುದು ಅಷ್ಟೇ. ಮೂರನೇ ದಿನ ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: "ಚಿಕ್ಕಮ್ಮ, ಹಾರ್ಟ್‌ಸ್ಟಾಪರ್ ಓದಿದ್ದೀರಾ? ಕ್ಲಾಸಲ್ಲಿ ಎಲ್ರೂ ಓದಿದ್ದಾರೆ. ನಾನೂ ಓದ್ಬಹುದಾ, ಇಲ್ಲಾ ಅದಕ್ಕಿಂತ ಚೆನ್ನಾಗಿರೋದು ಏನಾದ್ರೂ ಇದೆಯಾ?"

ನಾನು ಓದಿದ್ದೆ. ಅದರ ಜೊತೆಗೆ ಹದಿಹರೆಯದವರ ಬಗ್ಗೆ ಬಂದ ಇನ್ನೂ ಕೆಲವು ವೆಬ್‌ಕಾಮಿಕ್‌ಗಳನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಕಂತು ಕಂತಾಗಿ ಬರುವ ಚಿತ್ರಕಥೆಗಳನ್ನು, ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಆದರೂ ಆ ರಾತ್ರಿ ತಕ್ಷಣ ಹೆಸರು ಹೇಳಲಿಲ್ಲ. ಮಾರನೇ ದಿನ ಟೆರೇಸ್ ಮೇಲೆ ಬಟ್ಟೆ ಹರವುವಾಗ ಅವಳೇ ಹೇಳಿದಳು, ಮೂರು ವರ್ಷದಿಂದ ಜೊತೆಗಿದ್ದ ಗುಂಪು ಡಿಸೆಂಬರಿನಿಂದ ಇವಳನ್ನು ಬಿಟ್ಟು ಬೇರೆ ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದೆ ಅಂತ. ಆಗ ಗೊತ್ತಾಯಿತು ಅವಳಿಗೆ ಯಾವುದು ಕೊಡಬೇಕು ಅಂತ. ಅವಳು ಕೇಳಿದ ಪುಸ್ತಕ ಎರಡನೆಯದಾಗಿ ಬರಬೇಕಿತ್ತು.

ಇಂಥ ಕಾಮಿಕ್‌ಗಳ ಬಗ್ಗೆ ಯಾರೇ ಹೇಳಿದರೂ ಮೊದಲು ಬರುವುದು ಹಣೆಪಟ್ಟಿ. ಇದರಲ್ಲಿ ಗೇ ಹುಡುಗ ಇದ್ದಾನೆ, ಅದರಲ್ಲಿ ಟ್ರಾನ್ಸ್ ಹುಡುಗಿ (ಹುಟ್ಟಿದಾಗ ಹುಡುಗ ಅಂತ ಗುರುತಿಸಿದ್ದ ಹುಡುಗಿ) ಇದ್ದಾಳೆ, ಇನ್ನೊಂದರಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳಿದ್ದಾರೆ, ಹೀಗೆ. ಆ ಮಾಹಿತಿ ಖಂಡಿತ ಬೇಕು. ತನ್ನಂಥವರನ್ನು ಕಥೆಯಲ್ಲಿ ಒಮ್ಮೆಯೂ ಕಾಣದೆ ಬೆಳೆದ ಮಗುವಿಗೆ ಅದು ನೀರು ಸಿಕ್ಕ ಹಾಗೆ. ಆದರೆ ಆರಿಸುವಾಗ ಅದೊಂದನ್ನೇ ನೋಡಿದರೆ ಎಲ್ಲ ಒಂದೇ ತರ ಕಾಣುತ್ತವೆ. ನಾನು ನೋಡುವುದು ಒಂದು ಪ್ರಶ್ನೆ: ಕಥೆಯ ಹುಡುಗನಿಗೋ ಹುಡುಗಿಗೋ ಕಷ್ಟ ಬಂದಾಗ ಪಕ್ಕದಲ್ಲಿರುವ ಗೆಳೆಯರು ಏನು ಮಾಡುತ್ತಾರೆ? ಈ ಪ್ರಶ್ನೆ ಕೇಳಿ ನೋಡಿ, ಆಗ ಒಂದೊಂದೂ ಬೇರೆಯಾಗಿ ಕಾಣಿಸುತ್ತದೆ, ಯಾವ ಮಗುವಿಗೆ ಯಾವುದು ಅಂತಲೂ ಗೊತ್ತಾಗುತ್ತದೆ.

ನನಗೆ ಈ ಪ್ರಶ್ನೆ ಯಾಕೆ ಮುಖ್ಯ ಅಂದರೆ, ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಾವು ಮೂವರು ಒಂದೇ ಬೆಂಚು. ಅರ್ಧವಾರ್ಷಿಕ ಪರೀಕ್ಷೆ ಹೊತ್ತಿಗೆ ಉಳಿದಿಬ್ಬರು ಬೇರೆ ಟ್ಯೂಷನ್ ಸೇರಿದರು, ಅಲ್ಲಿ ಬೇರೆ ಗೆಳತಿಯರು ಸಿಕ್ಕರು, ಜಗಳ ಇಲ್ಲ ಏನಿಲ್ಲ, ಒಂದು ದಿನ ಬೆಂಚಿನಲ್ಲಿ ನಾನೊಬ್ಬಳೇ. ಅದನ್ನು ಯಾರಿಗೆ ಹೇಳುವುದು? ಯಾರೂ ಬೈದಿಲ್ಲ, ಹೊಡೆದಿಲ್ಲ. ಆಗ ನನ್ನ ಕೈಗೆ ಸಿಗುತ್ತಿದ್ದ ಕಥೆಗಳಲ್ಲಿ ರಾಜ ಇದ್ದ, ರಾಕ್ಷಸ ಇದ್ದ, ಜಾಣ ಮೊಲ ಇತ್ತು. ಖಾಲಿ ಬೆಂಚು ಇರಲಿಲ್ಲ.

ಸ್ಮೈಲ್ ಮತ್ತು ಹಾರ್ಟ್‌ಸ್ಟಾಪರ್: ಕೆಟ್ಟ ಗೆಳೆತನ, ಒಳ್ಳೆ ಗೆಳೆತನ

ರೈನಾ ಟೆಲ್ಗೆಮೈರ್ ಅವರ 'ಸ್ಮೈಲ್' ಈಗ ಎಲ್ಲ ಕಡೆ ಪುಸ್ತಕವಾಗಿ ಸಿಗುತ್ತದೆ, ಆದರೆ ಅದು 2004ರಲ್ಲಿ ವೆಬ್‌ಕಾಮಿಕ್ ಆಗಿ ಶುರುವಾದದ್ದು. ಪುಸ್ತಕ ಬಂದದ್ದು 2010ರಲ್ಲಿ, ಮುಂದಿನ ವರ್ಷ ಕಾಮಿಕ್‌ಗಳಿಗೆ ಕೊಡುವ ಐಸ್ನರ್ ಪ್ರಶಸ್ತಿಯೂ ಬಂತು. ಇದು ಲೇಖಕಿಯ ಸ್ವಂತ ಕಥೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರನೇ ಕ್ಲಾಸಿನ ಹುಡುಗಿ ಓಡುವಾಗ ಬಿದ್ದು ಮುಂದಿನ ಎರಡು ಹಲ್ಲಿಗೆ ಪೆಟ್ಟು ಮಾಡಿಕೊಳ್ಳುತ್ತಾಳೆ. ಅಲ್ಲಿಂದ ವರ್ಷಗಟ್ಟಲೆ ದಂತ ವೈದ್ಯರು, ತಂತಿ, ಆಪರೇಷನ್, ಕಟ್ಟು ಹಲ್ಲು. ನಡುವೆ 1989ರ ಭೂಕಂಪ ಕೂಡ ಬಂದು ಹೋಗುತ್ತದೆ. ಹಲ್ಲಿನ ಕಥೆ ಅಂತ ಜನ ಇದನ್ನು ಚಿಕ್ಕ ಮಕ್ಕಳ ಪುಸ್ತಕ ಅಂದುಕೊಳ್ಳುತ್ತಾರೆ.

ಆದರೆ ನನ್ನ ಪ್ರಶ್ನೆ ಇಟ್ಟು ನೋಡಿ. ಈ ಹುಡುಗಿಗೆ ಕಷ್ಟ ಬಂದಾಗ ಗೆಳತಿಯರು ನಗುತ್ತಾರೆ. ಹಲ್ಲಿನ ಬಗ್ಗೆ, ಬಟ್ಟೆಯ ಬಗ್ಗೆ, ಕೂದಲಿನ ಬಗ್ಗೆ, ಸುಮ್ನೆ ತಮಾಷೆ ಅಂತ ಹೇಳುತ್ತಲೇ ಚುಚ್ಚುತ್ತಾರೆ. ಅವಳೂ ಜೊತೆಗೆ ನಗಲು ನೋಡುತ್ತಾಳೆ, ಯಾಕೆಂದರೆ ಆ ಗುಂಪು ಬಿಟ್ಟರೆ ಬೇರೆ ಯಾರಿದ್ದಾರೆ? ಕೊನೆಗೆ ಹೈಸ್ಕೂಲಿನಲ್ಲಿ ಒಂದು ದಿನ ಎಲ್ಲರೆದುರು ಅವಳ ಸ್ಕರ್ಟ್ ಎಳೆದು ನಗುತ್ತಾರೆ. ಆ ಪುಟದ ನಂತರ ಅವಳು ತಿರುಗಿ ಮಾತಾಡುತ್ತಾಳೆ, ಎದ್ದು ಹೋಗುತ್ತಾಳೆ. ಹೊಸ ಗೆಳೆತನ ಮಾರನೇ ದಿನವೇ ಸಿಗುವುದಿಲ್ಲ, ನಿಧಾನವಾಗಿ ಸಿಗುತ್ತದೆ. ಇದನ್ನು ನಾನು ತುಂಬ ಗೌರವಿಸುತ್ತೇನೆ. ಗುಂಪು ಬಿಟ್ಟು ಹೊರಗೆ ಬಂದರೂ ಬದುಕಬಹುದು ಅಂತ ಹೇಳುವ ಕಥೆಗಳು ಮಕ್ಕಳಿಗೆ ಜಾಸ್ತಿ ಸಿಗುವುದಿಲ್ಲ. ಹತ್ತು ವರ್ಷದ ಮೇಲೆ ಯಾರಿಗೆ ಬೇಕಾದರೂ ಕೊಡಿ, ಹದಿನೈದರ ಹುಡುಗಿಗೂ ಇದು ಚಿಕ್ಕದಾಗುವುದಿಲ್ಲ.

ಹಾರ್ಟ್‌ಸ್ಟಾಪರ್ ಇದಕ್ಕೆ ಪೂರ್ತಿ ಉಲ್ಟಾ ದಿಕ್ಕು. ಆಲಿಸ್ ಓಸ್‌ಮನ್ ಇದನ್ನು 2016ರಲ್ಲಿ ಟಂಬ್ಲರ್ ಮತ್ತು ಟಪಾಸ್ ಅನ್ನುವ ವೆಬ್ ತಾಣಗಳಲ್ಲಿ ಶುರು ಮಾಡಿದರು. ಅದಕ್ಕೂ ಮುಂಚೆ, 2014ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ ನಾಯಕಿಯ ತಮ್ಮನಾಗಿ ಚಾರ್ಲಿ, ಅವನ ಗೆಳೆಯನಾಗಿ ನಿಕ್ ಬಂದು ಹೋಗಿದ್ದರು. ಆ ಇಬ್ಬರನ್ನು ಬಿಡಲು ಮನಸ್ಸಾಗದೆ ಅವರಿಗಾಗಿಯೇ ಒಂದು ಕಾಮಿಕ್ ಬರೆದ ಹಾಗಿದೆ. 2018ರಲ್ಲಿ ಓದುಗರ ಚಂದಾ ಹಣದಿಂದ ಮೊದಲ ಸಂಪುಟ ಅಚ್ಚಾಯಿತು, 2019ರಲ್ಲಿ ದೊಡ್ಡ ಪ್ರಕಾಶಕರು ತೆಗೆದುಕೊಂಡರು, 2022ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇದನ್ನು ಕಂಡುಕೊಂಡದ್ದು ಅಲ್ಲಿಂದಲೇ ಇರಬೇಕು.

ಇಂಗ್ಲೆಂಡಿನ ಕೆಂಟ್‌ನಲ್ಲಿ ಒಂದು ಹುಡುಗರ ಶಾಲೆ. ಚಾರ್ಲಿ ಗೇ ಅನ್ನುವುದು ಹಿಂದಿನ ವರ್ಷ ಇಡೀ ಶಾಲೆಗೆ ಗೊತ್ತಾಗಿ ಅವನು ತುಂಬ ಅನುಭವಿಸಿದ್ದಾನೆ. ನಿಕ್ ರಗ್ಬಿ ಆಡುವ ಗಟ್ಟಿ ಹುಡುಗ. ಇಬ್ಬರನ್ನೂ ಪಕ್ಕ ಪಕ್ಕ ಕೂರಿಸುತ್ತಾರೆ. 'ಹಾಯ್' ಅನ್ನುತ್ತಾರೆ. ಮರುದಿನ ಮತ್ತೆ 'ಹಾಯ್'. ಎಷ್ಟೋ ಪುಟ ಹೀಗೇ ಹೋಗುತ್ತದೆ, ಓದುವವರಿಗೆ ಎದೆ ಡವಡವ. ಓಸ್‌ಮನ್ ಮಾತು ಕಡಿಮೆ ಬಳಸುತ್ತಾರೆ, ಮುಖ ಕೆಂಪಾಗುವುದು, ಕೈ ಅರ್ಧಕ್ಕೆ ನಿಲ್ಲುವುದು, ಚೌಕದಿಂದ ಚೌಕಕ್ಕೆ ತೇಲುವ ಎಲೆಗಳು, ಇದರಲ್ಲೇ ಕಥೆ ಹೇಳುತ್ತಾರೆ. ನಿಕ್ ತನಗೆ ಹುಡುಗನ ಮೇಲೆ ಮನಸ್ಸಾಗಿದೆ ಅಂತ ಗೊತ್ತಾಗಿ ಗಾಬರಿಯಾಗುತ್ತಾನೆ, ಹುಡುಗಿಯರೂ ಇಷ್ಟವಲ್ಲವಾ ತನಗೆ ಅಂತ ಯೋಚಿಸುತ್ತಾನೆ, ಕೊನೆಗೆ ತಾನು ಬೈಸೆಕ್ಷುಯಲ್ ಅಂತ ಅಮ್ಮನಿಗೆ ಹೇಳುತ್ತಾನೆ. ಆ ಅಮ್ಮ ಮಗನನ್ನು ಅಪ್ಪಿಕೊಳ್ಳುವ ಪುಟಗಳನ್ನು ನಾನು ಎಷ್ಟು ಸಲ ತಿರುಗಿ ನೋಡಿದ್ದೇನೋ.

ಸುತ್ತಲಿನ ಮಕ್ಕಳೂ ಹಿಂಬದಿಯ ಬಣ್ಣ ಆಗಿ ನಿಂತಿಲ್ಲ. ಟಾವ್ ಇದ್ದಾನೆ, ಚಾರ್ಲಿಯನ್ನು ಕಾಯುವ ಗೆಳೆಯ. ಎಲ್ ಇದ್ದಾಳೆ, ಟ್ರಾನ್ಸ್ ಹುಡುಗಿ, ಹುಡುಗರ ಶಾಲೆ ಬಿಟ್ಟು ಹುಡುಗಿಯರ ಶಾಲೆ ಸೇರಿದವಳು. ಟಾರಾ ಮತ್ತು ಡಾರ್ಸಿ ಇದ್ದಾರೆ, ಒಬ್ಬರನ್ನೊಬ್ಬರು ಇಷ್ಟಪಡುವ ಹುಡುಗಿಯರು. ಟಾವ್‌ನನ್ನು ಗಮನಿಸಿ ಓದಿ. ಅವನಿಗೆ ನಿಕ್ ಮೇಲೆ ನಂಬಿಕೆ ಬರುವುದಿಲ್ಲ, ರಗ್ಬಿ ಹುಡುಗರ ಕೈಯಲ್ಲಿ ಚಾರ್ಲಿ ಪಟ್ಟ ಪಾಡು ಅವನಿಗೆ ನೆನಪಿದೆ. ಕಾಪಾಡುವ ಆತುರದಲ್ಲಿ ತಾನೇ ತಪ್ಪು ಮಾಡುತ್ತಾನೆ. ಒಳ್ಳೆಯ ಗೆಳೆಯನೂ ತಪ್ಪು ಮಾಡಬಹುದು, ಆಮೇಲೆ ಕ್ಷಮೆ ಕೇಳಬಹುದು, ಗೆಳೆತನ ಉಳಿಯುತ್ತದೆ. ಇದು ಸ್ಮೈಲ್‌ನಲ್ಲಿ ಸಿಗುವುದಿಲ್ಲ.

ಎಚ್ಚರ ವಹಿಸಬೇಕಾದ ಜಾಗ ನಾಲ್ಕನೇ ಸಂಪುಟ. ಅಲ್ಲಿ ಚಾರ್ಲಿ ಊಟ ಬಿಡುವ ಕಾಯಿಲೆ, ತನಗೆ ತಾನೇ ನೋವು ಮಾಡಿಕೊಳ್ಳುವುದು, ಆಸ್ಪತ್ರೆ, ಎಲ್ಲ ಬರುತ್ತದೆ. ಬಹಳ ಜವಾಬ್ದಾರಿಯಿಂದ ಬರೆದಿದ್ದಾರೆ. ನಿಕ್ ತಾನೊಬ್ಬನೇ ಇದನ್ನು ಸರಿ ಮಾಡಲಾರೆ ಅಂತ ತಿಳಿದು ದೊಡ್ಡವರ ಸಹಾಯ ತೆಗೆದುಕೊಳ್ಳುತ್ತಾನೆ, ಚಾರ್ಲಿಗೂ ಮನೆಯಲ್ಲಿ ಹೇಳು ಅನ್ನುತ್ತಾನೆ. ಪ್ರೀತಿಯಿಂದ ಕಾಯಿಲೆ ವಾಸಿಯಾಗುವುದಿಲ್ಲ, ಡಾಕ್ಟರ್ ಬೇಕು ಅಂತ ಇಷ್ಟು ನೇರವಾಗಿ ಹೇಳುವ ಪ್ರೇಮಕಥೆಗಳು ಕಡಿಮೆ. ಆದರೆ ಊಟದ ಜೊತೆ ಈಗಾಗಲೇ ಒದ್ದಾಡುತ್ತಿರುವ ಮಗು ಅದನ್ನು ಒಬ್ಬಳೇ ಕೂತು ಓದುವುದು ಬೇಡ. ನೀವೂ ಓದಿ, ಆಮೇಲೆ ಮಾತಾಡಿ. ಮೊದಲ ಮೂರು ಸಂಪುಟ ಹದಿಮೂರಕ್ಕೆ ಧಾರಾಳವಾಗಿ ಕೊಡಬಹುದು.

ಕೆಲವು ಅಪ್ಪ ಅಮ್ಮಂದಿರಿಗೆ ಹುಡುಗ ಹುಡುಗ ಪ್ರೀತಿಸುವ ಕಥೆ ಅಂದಕೂಡಲೇ ಮುಖ ಬದಲಾಗುತ್ತದೆ ಅಂತ ನನಗೆ ಗೊತ್ತು. ಹಂಗೇರಿ ದೇಶದಲ್ಲಿ 2023ರಲ್ಲಿ ಇದೇ ಪುಸ್ತಕವನ್ನು ಪ್ಲಾಸ್ಟಿಕ್ ಸುತ್ತದೆ ಮಕ್ಕಳ ಕಪಾಟಿನಲ್ಲಿ ಇಟ್ಟರು ಅಂತ ಒಂದು ಪುಸ್ತಕ ಮಳಿಗೆಗೆ 1 ಕೋಟಿ 20 ಲಕ್ಷ ಫೋರಿಂಟ್ ದಂಡ ಹಾಕಿದ್ದರು. ಪುಸ್ತಕದಲ್ಲಿ ಇರುವುದು ಕೈ ಹಿಡಿಯುವುದು, ಮುತ್ತು, ತುಂಬ ನಾಚಿಕೆ, ಮುಂದೆ ಹೋದಂತೆ ಸ್ವಲ್ಪ ದೊಡ್ಡವರಾದ ಮಕ್ಕಳ ಮಾತುಕತೆ. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಇಂಥ ಸಂಬಂಧ ಅಪರಾಧ ಅಲ್ಲ ಅಂತ ಹೇಳಿಯಾಗಿದೆ. ಎಲ್ ಬಗ್ಗೆ ಮಗು ಕೇಳಿದರೆ ಮಂಜಮ್ಮ ಜೋಗತಿಯವರಿಂದ ಶುರು ಮಾಡಿ. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಮಕ್ಕಳು ಟಿವಿಯಲ್ಲಿ ನೋಡಿರುತ್ತಾರೆ. ಮಾತು ಅಲ್ಲಿಂದ ಎಲ್ ತನಕ ಸಲೀಸಾಗಿ ಬರುತ್ತದೆ.

ಹಾಗಾದರೆ ಎರಡರಲ್ಲಿ ಯಾವುದು? ಮಗುವಿಗೆ ಈಗ ಗೆಳೆಯರಿಂದ ನೋವಾಗಿದ್ದರೆ ಸ್ಮೈಲ್. ಗೆಳೆಯರು ಚೆನ್ನಾಗಿದ್ದಾರೆ, ಒಳಗೊಳಗೆ ತಾನ್ಯಾರು ಅನ್ನುವ ಗೊಂದಲ ಇದೆ ಅಂದರೆ ಹಾರ್ಟ್‌ಸ್ಟಾಪರ್. ಉಲ್ಟಾ ಕೊಟ್ಟರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಒಂಟಿಯಾದ ಮಗುವಿಗೆ ಹಾರ್ಟ್‌ಸ್ಟಾಪರ್‌ನ ಆ ಪ್ರೀತಿಯ ಗುಂಪು ನೋಡಿ 'ನನಗೆ ಮಾತ್ರ ಇಂಥವರು ಯಾಕಿಲ್ಲ' ಅನ್ನಿಸಬಹುದು. ಹಬ್ಬದ ದಿನ ಪಕ್ಕದ ಮನೆಯ ಗದ್ದಲ ಕೇಳಿಸಿಕೊಂಡು ಕೂತ ಹಾಗೆ.

ಆನ್ ಎ ಸನ್‌ಬೀಮ್ ಮತ್ತು ನಿಮೋನಾ: ಬೇರೆ ಲೋಕ ಬೇಕೆನ್ನುವವರಿಗೆ

ಎಲ್ಲ ಮಕ್ಕಳಿಗೂ ಶಾಲೆಯ ಕಥೆ ಹಿಡಿಸುವುದಿಲ್ಲ. ದಿನವಿಡೀ ಶಾಲೆಯಲ್ಲೇ ಇದ್ದು ಬಂದು ಮತ್ತೆ ಶಾಲೆ ಯಾಕೆ ಅನ್ನುವವರಿಗೆ ಈ ಎರಡು.

ಟಿಲ್ಲಿ ವಾಲ್ಡೆನ್ ಅವರ 'ಆನ್ ಎ ಸನ್‌ಬೀಮ್' 2016ರಿಂದ 2017ರ ತನಕ ವೆಬ್‌ನಲ್ಲಿ ಬಂತು, 20 ಅಧ್ಯಾಯ. 2018ರಲ್ಲಿ ಪುಸ್ತಕವಾಯಿತು, 500ಕ್ಕೂ ಹೆಚ್ಚು ಪುಟ. ಇದನ್ನು ಶುರು ಮಾಡಿದಾಗ ಲೇಖಕಿಗೆ ಇಪ್ಪತ್ತು ವರ್ಷ ಅಷ್ಟೇ ಅನ್ನುವುದು ನನಗೆ ಇವತ್ತಿಗೂ ಬೆರಗು. ಬಾಹ್ಯಾಕಾಶದ ಕಥೆ, ಆದರೆ ಹಡಗುಗಳು ಮೀನಿನ ಆಕಾರದಲ್ಲಿವೆ, ಖಾಲಿ ಆಕಾಶದಲ್ಲಿ ಹಳೆಯ ಕಲ್ಲಿನ ಕಟ್ಟಡಗಳು ತೇಲುತ್ತವೆ. ಮಿಯಾ ಅನ್ನುವ ಹುಡುಗಿ ಆ ಪಾಳುಬಿದ್ದ ಕಟ್ಟಡಗಳನ್ನು ರಿಪೇರಿ ಮಾಡುವ ತಂಡ ಸೇರುತ್ತಾಳೆ. ನಡುನಡುವೆ ಐದು ವರ್ಷ ಹಿಂದಿನ ಬೋರ್ಡಿಂಗ್ ಶಾಲೆಯ ನೆನಪು. ಅಲ್ಲಿ ಅವಳಿಗೆ ಗ್ರೇಸ್ ಸಿಕ್ಕಿದ್ದಳು, ಇಬ್ಬರಿಗೂ ಪ್ರೀತಿಯಾಗಿತ್ತು, ಗ್ರೇಸ್ ತನ್ನ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಇಡೀ ಕಥೆಯಲ್ಲಿ ಒಬ್ಬ ಗಂಡಸೂ ಇಲ್ಲ. ಅದನ್ನು ಯಾರೂ ವಿವರಿಸುವುದೂ ಇಲ್ಲ, ಆ ಲೋಕ ಹಾಗಿದೆ ಅಷ್ಟೇ. ಪುಟಕ್ಕೆ ಎರಡು ಮೂರೇ ಬಣ್ಣ, ಶಾಲೆಯ ನೆನಪುಗಳಿಗೆ ನೀಲಿ.

ಗೆಳೆಯರು ಏನು ಮಾಡುತ್ತಾರೆ? ಇಲ್ಲಿ ಉತ್ತರ ಒಂದು ಕುಟುಂಬದಷ್ಟು ದೊಡ್ಡದು. ಮಿಯಾಗೆ ಗ್ರೇಸ್‌ಳನ್ನು ಒಮ್ಮೆ ನೋಡಬೇಕು ಅಂತ ಆಸೆ. ಅದೊಂದೇ ಕಾರಣಕ್ಕೆ ಇಡೀ ತಂಡ ಅಪಾಯದ ದಾರಿ ಹಿಡಿಯುತ್ತದೆ. ನನಗೆ ಅದಕ್ಕಿಂತಲೂ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಜಾಗ. ತಂಡದಲ್ಲಿ ಎಲಿಯಟ್ ಅಂತ ಒಬ್ಬರಿದ್ದಾರೆ, ಮಾತಾಡುವುದಿಲ್ಲ, ಹೆಣ್ಣು ಅಂತಲೂ ಗಂಡು ಅಂತಲೂ ಗುರುತಿಸಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಅವರಿಗೆ 'ದೇ' ಅನ್ನಬೇಕು. ಹೊಸದಾಗಿ ಬಂದ ಮೇಲಧಿಕಾರಿ ಬೇಕಂತಲೇ ಹಾಗೆ ಅನ್ನುವುದಿಲ್ಲ. ಯಾವಾಗಲೂ ನಗುತ್ತಾ ಹಾರಾಡುವ ಜೂಲ್ಸ್ ಆಗ ಸಿಡಿಯುತ್ತಾಳೆ. ಎಲಿಯಟ್‌ಗೆ ದನಿ ಇಲ್ಲದ ಕಡೆ ಅವಳು ದನಿಯಾಗುತ್ತಾಳೆ, ಕೆಲಸ ಹೋದರೂ ಸರಿ ಅಂತ.

ಈ ಜಾಗದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. 'ಅವರು ಬಂದರು' ಅಂದರೆ ಬಂದದ್ದು ಹೆಣ್ಣೋ ಗಂಡೋ, ಒಬ್ಬರೋ ಹತ್ತು ಜನವೋ ಹೇಳಲಾಗುವುದಿಲ್ಲ. ಇಂಗ್ಲಿಷಿನವರು ಒಬ್ಬರಿಗೆ ಬಹುವಚನ ಹೇಗೆ ಅಂತ ಜಗಳವಾಡುತ್ತಾರಲ್ಲ, ನಾವು ಅಜ್ಜನಿಗೂ ಟೀಚರಿಗೂ ದಿನಾ ಅದನ್ನೇ ಮಾಡುತ್ತಿದ್ದೇವೆ. ಕಷ್ಟ ಬೇರೆ ಕಡೆ ಇದೆ. ನಮ್ಮಲ್ಲಿ 'ಅವರು' ದೊಡ್ಡವರಿಗೆ. ಒಂದೇ ಬೆಂಚಿನ ಗೆಳೆಯನಿಗೆ 'ಅವರು' ಅಂದರೆ ದೂರ ಇಟ್ಟ ಹಾಗೆ ಆಗುತ್ತದೆ. ಸಲಿಗೆಯಲ್ಲೂ ಹೇಳಬಹುದಾದ, ಹೆಣ್ಣು ಗಂಡು ಎರಡೂ ಅಲ್ಲದ ಮಾತು ನಮಗೆ ಇನ್ನೂ ಸಿಕ್ಕಿಲ್ಲ. ಮಕ್ಕಳ ಜೊತೆ ಈ ಬಗ್ಗೆ ಮಾತಾಡಿ ನೋಡಿ, ಅವರೇ ಏನೇನೋ ದಾರಿ ಹೇಳುತ್ತಾರೆ.

ಸನ್‌ಬೀಮ್‌ನ ತೊಂದರೆ ಅಂದರೆ ಅದು ನಿಧಾನ. ಮಾತಿಲ್ಲದ ಪುಟಗಳು, ಎರಡು ಕಾಲ, ಮೊದಲ ನಾಲ್ಕೈದು ಅಧ್ಯಾಯ ಯಾರು ಯಾರು ಅಂತಲೇ ಗೊತ್ತಾಗುವುದಿಲ್ಲ. ತಾಳ್ಮೆ ಇರುವ, ಚಿತ್ರ ಬಿಡಿಸುವ ಹವ್ಯಾಸ ಇರುವ ಮಕ್ಕಳಿಗೆ ಇದನ್ನು ಮೊದಲು ಕೊಡುತ್ತೇನೆ.

ನಿಮೋನಾ ವೇಗ. ಎನ್.ಡಿ. ಸ್ಟೀವನ್ಸನ್ ಆರ್ಟ್ ಕಾಲೇಜಿನಲ್ಲಿ ಓದುತ್ತಿದ್ದಾಗ 2012ರಲ್ಲಿ ಶುರು ಮಾಡಿ 2014ರಲ್ಲಿ ಮುಗಿಸಿದ ಕಾಮಿಕ್ ಇದು. 2015ರಲ್ಲಿ ಪುಸ್ತಕವಾಗಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿಗೆ ಬಂತು. ಬೇಕಾದ ರೂಪ ತಾಳಬಲ್ಲ ಹುಡುಗಿ ನಿಮೋನಾ, ರಾಜ್ಯದ 'ಖಳನಾಯಕ' ಅಂತ ಹೆಸರಾದ ಬ್ಯಾಲಿಸ್ಟರ್ ಹತ್ತಿರ ಬಂದು ನಾನು ನಿನ್ನ ಸಹಾಯಕಿ ಅನ್ನುತ್ತಾಳೆ. ಶಾರ್ಕ್ ಆಗುತ್ತಾಳೆ, ಡ್ರ್ಯಾಗನ್ ಆಗುತ್ತಾಳೆ, ನಗಿಸುತ್ತಾಳೆ. ಆಮೇಲೆ ಕಥೆ ಕತ್ತಲೆಗೆ ಹೋಗುತ್ತದೆ. ನೀನು ನಿಜವಾಗಿ ಏನು ಅಂತ ಎಲ್ಲರೂ ಅವಳನ್ನು ಕೇಳುತ್ತಾರೆ, ಅವಳಿಗೆ ಆ ಪ್ರಶ್ನೆಯೇ ಗಾಯ. ಇಲ್ಲಿನ ಗೆಳೆತನದಲ್ಲಿ ನೆಮ್ಮದಿ ಇಲ್ಲ. ಬ್ಯಾಲಿಸ್ಟರ್ ಒಳ್ಳೆಯವನು, ಪ್ರೀತಿಯೂ ಇದೆ, ಆದರೂ ಒಂದು ಹಂತದಲ್ಲಿ ಅವನಿಂದ ಆಗುವುದಿಲ್ಲ. ಸಿಟ್ಟು ಜಾಸ್ತಿ ಇರುವ ಮಕ್ಕಳಿಗೆ, ಯಾವಾಗಲೂ 'ಸರಿಯಾಗಿರು' ಅಂತ ಬೈಸಿಕೊಳ್ಳುವ ಮಕ್ಕಳಿಗೆ ನಿಮೋನಾ ಹೇಗೆ ತಟ್ಟುತ್ತಾಳೆ ಅಂತ ಹೇಳುವುದು ಕಷ್ಟ, ಅವರು ಓದುವಾಗ ಮುಖ ನೋಡಬೇಕು. ಹನ್ನೆರಡರ ಮೇಲೆ ಕೊಡಬಹುದು, ಹೊಡೆದಾಟ, ಸಾವು ಇದೆ. 2023ರ ನೆಟ್‌ಫ್ಲಿಕ್ಸ್ ಸಿನಿಮಾ ನೋಡಿದವರಿಗೂ ಪುಸ್ತಕ ಕೊಡಿ. ಸಿನಿಮಾ ಚೆನ್ನಾಗಿದೆ, ಆದರೆ ಪುಸ್ತಕದ ಕೊನೆ ಬೇರೆ, ಹೆಚ್ಚು ನೋವಿನದು, ನನಗೆ ಅದೇ ಹೆಚ್ಚು ನಿಜ ಅನ್ನಿಸುತ್ತದೆ.

ಕಾಲೇಜು ವಯಸ್ಸಿನವರಿಗೆ

ಪಿಯುಸಿ ಮುಗಿಸಿ ಹಾಸ್ಟೆಲ್ ಸೇರುವವರಿಗೆ ಎರಡು ಹೇಳುತ್ತೇನೆ. ಎನ್‌ಗೋಜಿ ಉಕಾಜು ಅವರ 'ಚೆಕ್, ಪ್ಲೀಸ್!' 2013ರಿಂದ 2020ರ ತನಕ ಬಂತು. ಅಮೆರಿಕದ ಜಾರ್ಜಿಯಾದ ಹುಡುಗ ಬಿಟಲ್, ಎಲ್ಲರೂ ಕರೆಯುವುದು ಬಿಟ್ಟಿ ಅಂತ, ಮೊದಲು ಫಿಗರ್ ಸ್ಕೇಟಿಂಗ್ ಮಾಡುತ್ತಿದ್ದವನು ಈಗ ಕಾಲೇಜಿನ ಐಸ್ ಹಾಕಿ ತಂಡಕ್ಕೆ ಬಂದಿದ್ದಾನೆ. ಹಣ್ಣಿನ ಪೈ ಮಾಡುವುದು ಅವನಿಗೆ ಜೀವ. ಮೈಗೆ ಯಾರಾದರೂ ಡಿಕ್ಕಿ ಹೊಡೆಯಲು ಬಂದರೆ ಹೆದರಿ ಕುಸಿಯುತ್ತಾನೆ, ಹಾಕಿಯಲ್ಲಿ ಅದಿಲ್ಲದೆ ಆಟವೇ ಇಲ್ಲ. ಬಿಗಿ ಮುಖದ ಕ್ಯಾಪ್ಟನ್ ಜ್ಯಾಕ್ ಅವನನ್ನು ನಸುಕಿನಲ್ಲೇ ಎಬ್ಬಿಸಿ ಮಂಜಿನ ಮೇಲೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸುತ್ತಾನೆ. ತಾನು ಗೇ ಅಂತ ಬಿಟ್ಟಿ ಮೊದಲ ಸಲ ಹೇಳಿಕೊಳ್ಳುವುದು ತಂಡದ ಒಬ್ಬ ಸೀನಿಯರ್ ಹತ್ತಿರ, ಆ ಸೀನಿಯರ್ ಎಷ್ಟು ಸಹಜವಾಗಿ ಅದನ್ನು ತೆಗೆದುಕೊಳ್ಳುತ್ತಾನೆ ಅಂದರೆ, ಹಾಸ್ಟೆಲಿಗೆ ಹೋಗುವ ಪ್ರತಿ ಹುಡುಗನೂ ಆ ಪುಟ ನೋಡಬೇಕು ಅನ್ನಿಸುತ್ತದೆ. ಬೈಗುಳ ತುಂಬ ಇದೆ, ಕುಡಿತ ಇದೆ. ಹದಿನೇಳಕ್ಕೆ ಮುಂಚೆ ಬೇಡ.

ಡೇವಿಡ್ ವಿಲ್ಲಿಸ್ ಅವರ 'ಡಂಬಿಂಗ್ ಆಫ್ ಏಜ್' 2010ರ ಸೆಪ್ಟೆಂಬರಿನಿಂದ ದಿನಕ್ಕೊಂದು ಪುಟ್ಟ ಚಿತ್ರಪಟ್ಟಿಯ ಹಾಗೆ ಬಂದ ಕಾಮಿಕ್, ಇಂಡಿಯಾನಾ ವಿಶ್ವವಿದ್ಯಾಲಯದ ಮೊದಲ ವರ್ಷದವರ ಕಥೆ. ಹೊರಗೆ ಹತ್ತು ವರ್ಷ ಕಳೆದರೂ ಕಥೆಯೊಳಗೆ ಕೆಲವೇ ತಿಂಗಳು ಕಳೆದಿದ್ದವು. ಕಟ್ಟುನಿಟ್ಟಿನ ಧಾರ್ಮಿಕ ಮನೆಯಲ್ಲಿ, ಶಾಲೆಗೂ ಹೋಗದೆ ಬೆಳೆದ ಜಾಯ್ಸ್ ಮೊದಲ ಸಲ ಹೊರಗಿನ ಜನರನ್ನು ನೋಡುತ್ತಾಳೆ. ಬಾಲ್ಯದ ಗೆಳತಿ ಬೆಕಿ ತನಗೆ ಹುಡುಗಿಯರೇ ಇಷ್ಟ ಅಂತ ಹೇಳಿಕೊಂಡು ಆಸರೆ ಕೇಳಿ ಬಂದಾಗ, ಜಾಯ್ಸ್ ಕಲಿತದ್ದೆಲ್ಲ ಒಂದು ಕಡೆ, ಗೆಳತಿ ಒಂದು ಕಡೆ. ಅವಳು ಗೆಳತಿಯ ಕಡೆ ನಿಲ್ಲುತ್ತಾಳೆ. ಆಚಾರ ಸಂಪ್ರದಾಯ ಜೋರಾಗಿರುವ ಮನೆಯಿಂದ ಹೊರಗೆ ಬಂದ ನಮ್ಮ ಮಕ್ಕಳಿಗೂ ಈ ಇಕ್ಕಟ್ಟು ಚೆನ್ನಾಗಿ ಗೊತ್ತು. ಆದರೆ ಪಾತ್ರ ತುಂಬ, ಪುಟ ಸಾವಿರಾರು, ಹಿಂಸೆ ಮತ್ತು ದೊಡ್ಡವರ ವಿಷಯ ಸಾಕಷ್ಟಿದೆ. ಕೊಡುವ ಪುಸ್ತಕ ಅಲ್ಲ ಇದು, ಅವರಾಗೇ ಬೇಕಾದರೆ ಹಿಡಿಯುತ್ತಾರೆ.

ಕೆ-ಡ್ರಾಮಾ ನೋಡುವ ಮಕ್ಕಳು 'ಟ್ರೂ ಬ್ಯೂಟಿ' ಕೇಳಬಹುದು. ಮೇಕಪ್ ಕಲಿತು ಶಾಲೆಯ ಸುಂದರಿಯಾದ ಹುಡುಗಿ ತನ್ನ ಬರಿಮುಖ ಮುಚ್ಚಿಡುವ ಕೊರಿಯನ್ ಕಥೆ. ಓದಿಸಿಕೊಂಡು ಹೋಗುತ್ತದೆ. ಮುಖ ಮುಚ್ಚಿಡುವ ಭಯವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಯಾವ ಹುಡುಗ ಅನ್ನುವುದಕ್ಕೆ ಕೊಡುವ ಜಾಗದಲ್ಲಿ ಅರ್ಧವನ್ನೂ ಗೆಳತಿಯರಿಗೆ ಕೊಡುವುದಿಲ್ಲ ಅನ್ನುವುದು ನನ್ನ ದೂರು.

ಭಾಷೆ, ಫೋನು, ದುಡ್ಡು

ನಾನು ಹೇಳುತ್ತಿರುವುದೆಲ್ಲ ಇಂಗ್ಲಿಷ್ ಓದಿನ ಲೆಕ್ಕದಲ್ಲಿ. ಕನ್ನಡ ಮಾಧ್ಯಮದ ಮಗುವಿಗೆ ಅತಿ ಸುಲಭ ಸ್ಮೈಲ್, ಆಮೇಲೆ ಹಾರ್ಟ್‌ಸ್ಟಾಪರ್. ಹಾರ್ಟ್‌ಸ್ಟಾಪರ್‌ನಲ್ಲಿ ವಾಕ್ಯ ಚಿಕ್ಕದು, ಮಾತಿಗಿಂತ ಚಿತ್ರ ಜಾಸ್ತಿ, ನಿಘಂಟು ಇಲ್ಲದೆ ಓದಿ ಮುಗಿಸಿದ ಮಕ್ಕಳನ್ನು ನೋಡಿದ್ದೇನೆ. ಸನ್‌ಬೀಮ್‌ನಲ್ಲೂ ಮಾತು ಕಡಿಮೆ, ಆದರೆ ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಭಾಷೆ ಸುಲಭ, ಕಥೆ ಕಷ್ಟ. ಚೆಕ್ ಪ್ಲೀಸ್ ಎಲ್ಲಕ್ಕಿಂತ ಕಠಿಣ, ಆಡುಮಾತು, ಹಾಕಿಯ ಮಾತು, ಅಡ್ಡಹೆಸರು ಎಲ್ಲ ಸೇರಿ ತಲೆ ತಿರುಗುತ್ತದೆ.

ದುಡ್ಡು ಕೊಡದೆ ಓದಬೇಕು ಅಂದರೆ ಹಾರ್ಟ್‌ಸ್ಟಾಪರ್ ಟಪಾಸ್ ಮತ್ತು ವೆಬ್‌ಟೂನ್‌ನಲ್ಲಿದೆ, ಸನ್‌ಬೀಮ್ ತನ್ನದೇ ತಾಣದಲ್ಲಿ ಪೂರ್ತಿ ಇದೆ. ಇಬ್ಬರೂ ಲೇಖಕಿಯರೇ ಉಚಿತವಾಗಿ ಇಟ್ಟಿರುವುದು, ಕದ್ದ ಪಿಡಿಎಫ್ ಹುಡುಕುವ ಅಗತ್ಯವೇ ಇಲ್ಲ. ಸ್ಮೈಲ್ ಮತ್ತು ನಿಮೋನಾ ಪೂರ್ತಿ ಓದಲು ಪುಸ್ತಕವೇ ಬೇಕು. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಕೇಳಿ ನೋಡಿ. ಫೋನಿನಲ್ಲಿ ಓದಲು ಚೆನ್ನಾಗಿರುವುದು ಹಾರ್ಟ್‌ಸ್ಟಾಪರ್, ಬೆರಳಿನಿಂದ ಕೆಳಗೆ ಸರಿಸುತ್ತಾ ಹೋದರೆ ಆಯಿತು. ಸನ್‌ಬೀಮ್ ಅನ್ನು ದಯವಿಟ್ಟು ಚಿಕ್ಕ ಪರದೆಯಲ್ಲಿ ಓದಬೇಡಿ. ಆ ದೊಡ್ಡ ಆಕಾಶ ಐದು ಇಂಚಿನಲ್ಲಿ ಸತ್ತೇ ಹೋಗುತ್ತದೆ. ಲ್ಯಾಪ್‌ಟಾಪ್ ಆದರೂ ಬೇಕು.

ಇನ್ನೊಂದು ಮಾತು ದೊಡ್ಡವರಿಗೆ. ಮಗು ಇವುಗಳಲ್ಲಿ ಯಾವುದನ್ನು ಇಷ್ಟಪಟ್ಟರೂ 'ನೀನೂ ಹಾಗಾ?' ಅಂತ ಕೇಳಬೇಡಿ. ಚಾರ್ಲಿಯನ್ನು ಹಚ್ಚಿಕೊಂಡ ಹುಡುಗಿ ಬರೀ ಚಾರ್ಲಿಯ ಒಂಟಿತನವನ್ನು ಹಚ್ಚಿಕೊಂಡಿರಬಹುದು. ಹೇಳುವುದಿದ್ದರೆ ಅವರೇ ಹೇಳುತ್ತಾರೆ, ಅವರ ಸಮಯಕ್ಕೆ. ಚಾರ್ಲಿಗೆ ಆದ ದೊಡ್ಡ ಅನ್ಯಾಯ ಅದೇ ಅಲ್ವಾ, ಅವನು ಹೇಳುವ ಮುಂಚೆ ಊರೆಲ್ಲ ಹೇಳಿದ್ದು.

ಅಕ್ಕನ ಮಗಳಿಗೆ ಆ ವಾರ ಸ್ಮೈಲ್ ಕೊಟ್ಟೆ. ಒಂದೇ ಸಂಜೆಗೆ ಮುಗಿಸಿದಳು. ಸ್ಕರ್ಟಿನ ಪುಟ ಬಂದಾಗ ಪುಸ್ತಕ ಮಗುಚಿಟ್ಟು ಸ್ವಲ್ಪ ಹೊತ್ತು ಟೆರೇಸಿಗೆ ಹೋಗಿ ಬಂದಳು, ನಾನು ಏನೂ ಕೇಳಲಿಲ್ಲ. ಊರಿಗೆ ಹೋದ ಮೇಲೆ ಹಾರ್ಟ್‌ಸ್ಟಾಪರ್ ಮೂರು ಸಂಪುಟ ಓದಿದ್ದಾಳೆ, ನಾಲ್ಕನೆಯದನ್ನು ದಸರಾ ರಜೆಯಲ್ಲಿ ಒಟ್ಟಿಗೆ ಓದೋಣ ಅಂತ ಮಾತಾಗಿದೆ. ಅಲ್ಲಿಯ ತನಕ ಅಪ್ಪನ ಲ್ಯಾಪ್‌ಟಾಪಿನಲ್ಲಿ ಸನ್‌ಬೀಮ್ ನಡೆಯುತ್ತಿದೆ. ಮೊನ್ನೆ ಮೆಸೇಜ್ ಬಂತು: ಅಡುಗೆಮನೆಯಲ್ಲಿ ಅಮ್ಮನಿಗೆ ಎಲಿಯಟ್ ಕಥೆ ಹೇಳುತ್ತಾ ಪ್ರತಿ ಸಲ 'ಅವರು, ಅವರು' ಅಂದಳಂತೆ, ಅಕ್ಕ ಪೂರ್ತಿ ಕೇಳಿಸಿಕೊಂಡು, "ಯಾವ ಸಬ್ಜೆಕ್ಟ್ ಟೀಚರ್ ಅವರು?" ಅಂದರಂತೆ. ಆಮೇಲೆ ಇಬ್ಬರೂ ಕೂತು ಒಂದನೇ ಅಧ್ಯಾಯದಿಂದ ಶುರು ಮಾಡಿದ್ದಾರೆ.